ಅಗಲ ಟೈರಿನ ಆಸೆ, ಅದಿರು ಲಾರಿಯ ದಾರಿ

ಕಾರು ತಗೊಂಡು ನಾಲ್ಕೈದು ವರ್ಷ ಆದವರಿಗೆಲ್ಲ ಒಂದು ಖರ್ಚು ಬಾಗಿಲ ಹತ್ತಿರ ಬಂದು ನಿಂತಿರುತ್ತದೆ. ನಾಲ್ಕೂ ಟೈರು ಬದಲಾಯಿಸಬೇಕು. ಇಎಂಐ ಇನ್ನೇನು ಮುಗೀತು ಅನ್ನುವ ಹೊತ್ತಿಗೆ ಸರಿಯಾಗಿ ಬರುತ್ತದೆ ಇದು. ಸಾಧಾರಣ ಹ್ಯಾಚ್‌ಬ್ಯಾಕ್‌ಗೇ ಇಪ್ಪತ್ತೈದು ಸಾವಿರದ ಆಸುಪಾಸಿನ ಮಾತು. ಅಷ್ಟು ದುಡ್ಡಿನ ಫೋನ್ ಕೊಳ್ಳುವಾಗ ನಾವು ಹತ್ತು ವಿಡಿಯೊ ನೋಡ್ತೀವಿ, ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳ್ತೀವಿ. ಟೈರಿಗೆ ಮಾತ್ರ ಅಂಗಡಿಯವರು ಕೊಟ್ಟಿದ್ದೇ ಸೈ. ಇಲ್ಲವೇ ಕಣ್ಣಿಗೆ ಚಂದ ಕಂಡಿದ್ದು.

ನಮ್ಮ ಮನೆಯಲ್ಲಿ ಈ ಸಲ ಹಾಗಾಗಲಿಲ್ಲ. ನನಗೂ ನನ್ನ ತಮ್ಮನಿಗೂ ಮೂರು ವಾರ ಇದೇ ವಾದ. ಕಾರು ಒಂದೇ, ಓಡಿಸುವವರು ಇಬ್ಬರು. ವಾರವಿಡೀ ಕುರೆಕುಪ್ಪದಲ್ಲಿ ನನ್ನ ಕೈಯಲ್ಲಿ ಇರುತ್ತದೆ. ತಿಂಗಳಿಗೊಂದೆರಡು ಸಲ ಅವನು ಬೆಂಗಳೂರಿಗೆ ತಗೊಂಡು ಹೋಗ್ತಾನೆ, ಅದೂ ರಾತ್ರಿ ಹೊತ್ತು. ಅವನಿಗೆ ‘ಪರ್ಫಾರ್ಮೆನ್ಸ್ ಟೈರ್’ ಬೇಕು. ಈಗಿರುವ 15 ಇಂಚಿನ ರಿಮ್ ತೆಗೆದು 17 ಇಂಚಿನ ಅಲಾಯ್ ಹಾಕಿಸಿ, ಅದಕ್ಕೆ ಅಗಲವಾದ, ತೆಳ್ಳನೆ ಅಂಚಿನ ಟೈರು. ಫೋಟೊ ಕಳಿಸಿದ್ದ. ಚಂದ ಇತ್ತು, ಇಲ್ಲ ಅನ್ನೋದಿಲ್ಲ.

ವಾದ ಎಲ್ಲಿಂದ ಶುರುವಾಯಿತು ಅಂದರೆ, ಅವನು ಹೇಳಿದ ಒಂದು ಮಾತಿನಿಂದ. “ಅಕ್ಕ, ಬ್ರೇಕು ಚಕ್ರ ನಿಲ್ಲಿಸುತ್ತೆ ಅಷ್ಟೇ. ಕಾರು ನಿಲ್ಲಿಸೋದು ಟೈರು.”

ಈ ಮಾತು ಅಪ್ಪಟ ನಿಜ. ಲೆಕ್ಕ ಹಾಕಿ ನೋಡಿ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಪಿಯುಸಿಯಲ್ಲಿ ಓದಿದ ಘರ್ಷಣೆಯ ಸೂತ್ರ ನೆನಪಿದ್ದರೆ, ರಸ್ತೆಗೂ ಟೈರಿಗೂ ನಡುವಿನ ಹಿಡಿತ 0.7 ಇದ್ದಾಗ ಬ್ರೇಕ್ ತುಳಿದ ಮೇಲೆ ಸುಮಾರು 36 ಮೀಟರ್‌ನಲ್ಲಿ ಕಾರು ನಿಲ್ಲುತ್ತದೆ. ಅದೇ ಹಿಡಿತ 0.5ಕ್ಕೆ ಇಳಿದರೆ 50 ಮೀಟರ್ ಬೇಕು. ನಡುವಿನ 14 ಮೀಟರ್ ಅಂದರೆ ಒಂದು ಟಿಪ್ಪರ್‌ನ ಉದ್ದಕ್ಕಿಂತ ಜಾಸ್ತಿ. ತೋರಣಗಲ್ಲಿನ ಹತ್ತಿರ ಮುಂದೆ ಹೋಗ್ತಿರೋ ಟಿಪ್ಪರ್ ತಟ್ಟನೆ ನಿಂತಾಗ ಈ 14 ಮೀಟರ್ ಎಷ್ಟು ದೊಡ್ಡದು ಅಂತ ಇಲ್ಲಿ ಓಡಾಡುವವರಿಗೆ ಹೇಳಬೇಕಿಲ್ಲ. ಎಬಿಎಸ್ ಇದೆಯಲ್ಲ ಅನ್ನಬಹುದು. ಇರುವ ಹಿಡಿತವನ್ನು ಎಬಿಎಸ್ ಚೆನ್ನಾಗಿ ಬಳಸುತ್ತದೆ, ಇಲ್ಲದ ಹಿಡಿತವನ್ನು ಎಲ್ಲಿಂದ ತರಬೇಕು?

ಹಾಗಾಗಿ ‘ಟೈರಿಗೆ ಯಾಕೆ ಅಷ್ಟು ದುಡ್ಡು, ಯಾವುದಾದರೂ ನಡೆಯುತ್ತೆ’ ಅನ್ನುವವರ ಪಕ್ಷ ನಾನು ವಹಿಸುವುದಿಲ್ಲ. ನನ್ನ ತಕರಾರು ಇದ್ದದ್ದು ಬೇರೆ ಕಡೆ. ನಮ್ಮ ದಾರಿಯಲ್ಲಿ ಪರ್ಫಾರ್ಮೆನ್ಸ್ ಅಂದರೆ ಏನು?

ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಕುರೆಕುಪ್ಪ ಸಂಡೂರು ತಾಲ್ಲೂಕಿನ ಊರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲೇ. ಹೊಸಪೇಟೆ–ಬಳ್ಳಾರಿ ನಡುವಿನ ರಾಷ್ಟ್ರೀಯ ಹೆದ್ದಾರಿ 67 ಇಲ್ಲೇ ಹಾದುಹೋಗುತ್ತದೆ. ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಸಂಡೂರಿನ ಕಡೆ ಹೊರಟರೆ ಗುಡ್ಡದ ತಿರುವು, ಅದಿರು ಲಾರಿ. ಕಂಪ್ಲಿ ಕಡೆ ಹೋದರೆ ಭತ್ತದ ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರ್‌ಗಳು ರಸ್ತೆಗೆ ಬಳಿದ ಕೆಸರು. ಹೊಸಪೇಟೆ ಕಡೆ ಹೆದ್ದಾರಿಯ ವೇಗ. ಇಷ್ಟೂ ಒಂದೇ ದಿನದಲ್ಲಿ ಆಗಿಬಿಡಬಹುದು.

ಇದರ ಜೊತೆಗೆ ಕೆಂಪು ಧೂಳು. ಲಾರಿಯಿಂದ ಉದುರಿದ ಅದಿರಿನ ಚೂರು, ಗೋಲಿಯಷ್ಟು ದುಂಡಗಿನ ಪೆಲೆಟ್. ತಿರುವಿನಲ್ಲಿ ಈ ಪೆಲೆಟ್ ಮೇಲೆ ಟೈರು ಹತ್ತಿದರೆ ಬೇರಿಂಗ್ ಮೇಲೆ ಹತ್ತಿದ ಹಾಗೆ. ಎಷ್ಟು ಸಾವಿರದ ಟೈರಾದರೂ ಅಲ್ಲಿ ಒಂದು ಕ್ಷಣ ಜಾರುತ್ತದೆ. ಇನ್ನು ಮೇ ಕೊನೆಗೆ ರೋಹಿಣಿ ಮಳೆಯ ಮೊದಲ ಹನಿ ಬಿತ್ತು ಅಂದರೆ ತಿಂಗಳುಗಟ್ಟಲೆ ಕೂತ ಧೂಳು, ಲಾರಿಗಳ ಎಣ್ಣೆ ಎರಡೂ ಕಲಸಿ ರಸ್ತೆ ಮೇಲೆ ನುಣ್ಣನೆ ಪದರ ಆಗುತ್ತದೆ. ಜೋರು ಮಳೆಗಿಂತ ಆ ಮೊದಲ ಹತ್ತು ನಿಮಿಷದ ತುಂತುರಿಗೆ ನಾನು ಹೆಚ್ಚು ಹೆದರ್ತೀನಿ.

ಈಗ ತಮ್ಮನ 17 ಇಂಚಿಗೆ ಬರೋಣ. ನಮ್ಮ ಕಾರಿನ ಟೈರಿನ ಮೇಲೆ ಬರೆದಿರುವುದು 185/65 ಆರ್ 15, ಪಕ್ಕದಲ್ಲಿ 88 ಎಚ್. ನಿಮ್ಮ ಕಾರಿನಲ್ಲೂ ಇಂಥದ್ದೇ ಸಾಲು ಇರುತ್ತದೆ, ಇಳಿದು ನೋಡಿ. 185 ಅಂದರೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ. 65 ಅಂದರೆ ಆ ಅಗಲದ ಶೇ 65ರಷ್ಟು ಪಕ್ಕದ ಗೋಡೆಯ ಎತ್ತರ, ಅಂದರೆ 120 ಮಿಲಿಮೀಟರ್. ಆರ್ ಅಂದರೆ ರೇಡಿಯಲ್. 15 ರಿಮ್‌ನ ಇಂಚು. 88 ಅನ್ನುವುದು ಭಾರದ ಸಂಖ್ಯೆ, ಒಂದು ಟೈರು 560 ಕೆ.ಜಿ. ಹೊರಬಲ್ಲದು. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್‌ವರೆಗೆ ತಾಳಬಲ್ಲದು.

210ರಲ್ಲಿ ಯಾರು ಓಡಿಸ್ತಾರೆ ಅಂತ ನಗಬೇಡಿ. ವೇಗದ ಅಕ್ಷರ ಎಂದರೆ ಒಂದರ್ಥದಲ್ಲಿ ಬಿಸಿ ತಡೆಯುವ ಶಕ್ತಿ. ವೇಗ ಹೆಚ್ಚಿದಷ್ಟೂ ಟೈರು ಕಾಯುತ್ತದೆ, ಕಾದಷ್ಟೂ ಒಳಗಿನ ಪದರಗಳ ಬೆಸುಗೆ ಸಡಿಲ ಆಗುತ್ತದೆ. ನಮ್ಮ ಬಿಸಿಲಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಅಕ್ಕಿ ಚೀಲ ಹಾಕಿಕೊಂಡು ನೂರರ ವೇಗದಲ್ಲಿ ಹೋಗುವಾಗ ಈ ಅಕ್ಷರ ಕೆಲಸಕ್ಕೆ ಬರುತ್ತದೆ. ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಕ್ಷರ, ಕೆಳಗಿನ ಭಾರದ ಸಂಖ್ಯೆ ಯಾವತ್ತೂ ಬೇಡ.

ತಮ್ಮ ಆರಿಸಿದ್ದು 205/45 ಆರ್ 17. ಪೂರ್ತಿ ಚಕ್ರದ ವ್ಯಾಸದಲ್ಲಿ ಏನೂ ದೊಡ್ಡ ವ್ಯತ್ಯಾಸ ಇಲ್ಲ. ನಮ್ಮದು 621 ಮಿಲಿಮೀಟರ್, ಅವನದ್ದು 616. ಸ್ಪೀಡೋಮೀಟರ್ ಕೂಡ ಹೆಚ್ಚುಕಡಿಮೆ ಸರಿಯಾಗೇ ತೋರಿಸುತ್ತದೆ. ಹಾಗಾದರೆ ಹೋಗಿದ್ದೇನು? ಪಕ್ಕದ ಗೋಡೆ. 120 ಮಿಲಿಮೀಟರ್ ಇದ್ದದ್ದು 92ಕ್ಕೆ ಇಳಿಯಿತು. ಗುಂಡಿಯ ಅಂಚಿಗೂ ರಿಮ್‌ನ ಅಂಚಿಗೂ ನಡುವೆ ಇರುವುದು ಅದೊಂದೇ ದಿಂಬು. ಅದರಲ್ಲಿ 28 ಮಿಲಿಮೀಟರ್ ಕಡಿಮೆ.

ಗುಂಡಿಗೆ ಚಕ್ರ ಇಳಿದಾಗ ಆ ಗೋಡೆ ಮಡಚಿ, ರಿಮ್ ಮತ್ತು ಕಲ್ಲಿನ ನಡುವೆ ಅಡಕತ್ತರಿಗೆ ಸಿಕ್ಕಿದ ಹಾಗೆ ಆಗುತ್ತದೆ. ಒಳಗಿನ ದಾರಗಳು ತುಂಡಾಗುತ್ತವೆ. ಹೊರಗೆ ಒಂದು ಉಬ್ಬು ಕಾಣುತ್ತದೆ, ಬೆರಳಿಟ್ಟರೆ ಮೆತ್ತಗೆ. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. ಪೆಟ್ಟು ಬಿದ್ದು ಆದದ್ದಕ್ಕೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಅಲಾಯ್ ರಿಮ್ ಬೇರೆ ಬಿರುಕು ಬಿಟ್ಟರೆ ಅದರ ಖರ್ಚು ಪ್ರತ್ಯೇಕ.

ಇನ್ನೊಂದು ಸಂಗತಿ ಅವನೂ ನೋಡಿರಲಿಲ್ಲ. ಅವನು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದಾಗ ಭಾರದ ಸಂಖ್ಯೆ 84 ಇತ್ತು. 84 ಅಂದರೆ 500 ಕೆ.ಜಿ. ಅಗಲ ಹೆಚ್ಚಾದರೂ ಹೊರುವ ಶಕ್ತಿ ಒಂದು ಟೈರಿಗೆ 60 ಕೆ.ಜಿ. ಕಡಿಮೆ! ಟೈರು ಅಗಲ ಇದ್ದರೆ ಗಟ್ಟಿ ಅಂತ ನಮ್ಮ ಕಣ್ಣು ಹೇಳುತ್ತದೆ. ಭಾರ ಹೊರುವುದು ಒಳಗಿರುವ ಗಾಳಿ, ಗೋಡೆ ಗಿಡ್ಡ ಆದರೆ ಗಾಳಿಗೆ ಜಾಗವೂ ಕಡಿಮೆ. ಇದೇ ಅಳತೆಯಲ್ಲಿ 88ರ ಗಟ್ಟಿ ನಮೂನೆಯೂ ಬರುತ್ತದೆ, ಆದರೆ ಅದನ್ನು ಕೇಳಿ ಪಡೆಯಬೇಕು.

ನೀರಿನ ವಿಷಯದಲ್ಲೂ ಅಗಲ ಎರಡಲಗಿನ ಕತ್ತಿ. ಒಣ ರಸ್ತೆಯ ತಿರುವಿನಲ್ಲಿ ಅಗಲ ಟೈರು ಚೆನ್ನಾಗಿ ಕೂರುತ್ತದೆ. ನಿಂತ ನೀರಿನ ಮೇಲೆ ಮಾತ್ರ ಅದು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು. ಅಷ್ಟೇ ಆಳದ ಪಟ್ಟೆ ಇದ್ದರೆ ಕಿರಿದಾದ ಟೈರಿಗಿಂತ ಬೇಗ ತೇಲುತ್ತದೆ. ಸ್ಟೇರಿಂಗ್ ಹಗುರಾಗಿ ಕೈಯಲ್ಲಿ ಏನೂ ಇಲ್ಲ ಅನ್ನಿಸುವ ಆ ಅರೆಕ್ಷಣ ಗೊತ್ತಿದ್ದವರಿಗೆ ಗೊತ್ತು. ಮೈಲೇಜ್ ಕೂಡ ಸ್ವಲ್ಪ ಇಳಿಯುತ್ತದೆ.

“ಹಂಗಾದ್ರೆ ಅದೇ ಹಳೇದೇ ಹಾಕ್ಸು, ಮುಗೀತು” ಅಂದ ತಮ್ಮ ಮುಖ ಊದಿಸಿಕೊಂಡು. ಹಳೆಯದೇ ಯಾಕೆ? ಹೊಸ ಕಾರಿನ ಜೊತೆ ಬರುವ ಟೈರನ್ನು ಕಂಪನಿಗಳು ಆರಿಸುವಾಗ ಮೈಲೇಜ್, ಬೆಲೆ, ಸದ್ದು ಎಲ್ಲ ನೋಡುತ್ತವೆ. ಬದಲಾಯಿಸುವಾಗ ಅದೇ ಅಳತೆಯಲ್ಲಿ ನಮಗೆ ಬೇಕಾದ ಗುಣ ಹೆಚ್ಚಿರುವುದನ್ನು ಹುಡುಕಬಹುದಲ್ಲ. ನಮಗೆ ಬೇಕಾಗಿದ್ದು ಒದ್ದೆ ರಸ್ತೆಯ ಹಿಡಿತ. ಇಲ್ಲಿಂದ ಮುಂದೆ ನಮ್ಮ ವಾದ ನಿಂತಿತು, ಹುಡುಕಾಟ ಶುರುವಾಯಿತು.

ಹುಡುಕುವುದು ಹೇಗೆ ಅನ್ನುವುದೇ ಕಷ್ಟದ ಪ್ರಶ್ನೆ. ಟೈರಿನ ಜಾಹೀರಾತಿನಲ್ಲಿ ಎಲ್ಲರೂ ಬೆಟ್ಟ ಹತ್ತಿಸ್ತಾರೆ, ನೀರು ಚಿಮ್ಮಿಸ್ತಾರೆ. ನಿಜವಾಗಿ ಓದಲು ಸಿಗುವುದು ಟೈರಿನ ಪಕ್ಕದ ಗೋಡೆ ಮಾತ್ರ. ಐಎಸ್‌ಐ ಗುರುತು ಇರಲೇಬೇಕು. ಕೆಲವು ಟೈರುಗಳ ಮೇಲೆ ಅಮೆರಿಕದ ಪದ್ಧತಿಯ ಮೂರು ಸೂಚನೆ ಇರುತ್ತವೆ: ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ, ಟ್ರ್ಯಾಕ್ಷನ್ ಮತ್ತು ಟೆಂಪರೇಚರ್ ಅಂತ ಎರಡು ಅಕ್ಷರ. ಸಂಖ್ಯೆ ದೊಡ್ಡದಿದ್ದಷ್ಟೂ ನಿಧಾನ ಸವೆಯುತ್ತದೆ ಅಂತ ಲೆಕ್ಕ. 200 ಎಂದಿದ್ದರೆ ಮೆತ್ತನೆ ರಬ್ಬರ್, ಹಿಡಿತ ಜಾಸ್ತಿ, ಆಯುಷ್ಯ ಕಡಿಮೆ. 400 ಎಂದಿದ್ದರೆ ಬಾಳಿಕೆ ಜಾಸ್ತಿ. ಆದರೆ ಆ ಸಂಖ್ಯೆಯನ್ನು ಕೊಡುವುದು ತಯಾರಕರೇ, ಹಾಗಾಗಿ ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಮಾತ್ರ ಅದನ್ನು ನಂಬಿ. ಟ್ರ್ಯಾಕ್ಷನ್‌ನಲ್ಲಿ ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಇದು ಒದ್ದೆ ನೆಲದ ಮೇಲೆ ನೇರ ಬ್ರೇಕ್ ಹಾಕಿ ನೋಡುವ ಪರೀಕ್ಷೆ. ಟೆಂಪರೇಚರ್‌ನಲ್ಲಿ ನಮ್ಮ ಊರಿಗೆ ಎ ಇದ್ದರೇ ಒಳ್ಳೆಯದು. ನಮ್ಮ ದೇಶದಲ್ಲೂ 2022ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಒದ್ದೆ ಹಿಡಿತ, ಉರುಳುವಾಗಿನ ಪ್ರತಿರೋಧ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟ ಇರಬೇಕು ಅಂತ ನಿಯಮ ತಂದಿತು. ಇಂಧನ ದಕ್ಷತಾ ಬ್ಯೂರೊದ ನಕ್ಷತ್ರದ ಲೇಬಲ್ ಕೂಡ ಕೆಲವಕ್ಕೆ ಇರುತ್ತದೆ, ಫ್ರಿಜ್‌ಗೆ ಇರುವ ಹಾಗೆ.

ಬ್ರ್ಯಾಂಡ್ ಯಾವುದು ಅಂತ ಕೇಳಬೇಡಿ. ಎಂಆರ್‌ಎಫ್, ಅಪೊಲೊ, ಸಿಯೆಟ್, ಜೆಕೆ, ಬ್ರಿಜ್‌ಸ್ಟೋನ್, ಯೊಕೊಹಾಮ, ಮಿಷೆಲಿನ್ ಎಲ್ಲರಲ್ಲೂ ಬಾಳಿಕೆಗೆ ಒಂದು, ಹಿಡಿತಕ್ಕೆ ಒಂದು ಸಾಲು ಇರುತ್ತದೆ. ಕಂಪನಿಯ ಹೆಸರಿಗಿಂತ ಯಾವ ಸಾಲಿನದ್ದು ಅನ್ನುವುದು ಮುಖ್ಯ. (ನಮ್ಮ ತಂದೆಗೆ ಇವತ್ತಿಗೂ ಟೈರು ಅಂದರೆ ಮೈಸೂರಿನ ವಿಕ್ರಾಂತ್. ಅದನ್ನು 1997ರಲ್ಲೇ ಜೆಕೆಯವರು ತಗೊಂಡರು ಅಂದರೂ ಕೇಳುವುದಿಲ್ಲ.)

ಅಂಗಡಿಗೆ ಹೋಗುವಾಗ ನೆನಪಿಡಬೇಕಾದ್ದು ಟೈರಿನ ಹುಟ್ಟಿದ ದಿನ. ಡಿಒಟಿ ಅನ್ನುವ ಅಕ್ಷರದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2325 ಅಂತಿದ್ದರೆ 2025ರ 23ನೇ ವಾರ, ಅಂದರೆ ಜೂನ್‌ನಲ್ಲಿ ತಯಾರಾದದ್ದು. ರಬ್ಬರ್ ಓಡದಿದ್ದರೂ ಹಳತಾಗುತ್ತದೆ. ನಾವು ಹೋದ ಮೊದಲ ಅಂಗಡಿಯಲ್ಲಿ ಒಳ್ಳೆ ರಿಯಾಯಿತಿ ಇತ್ತು, ತಮ್ಮ ಮೊಬೈಲ್ ಟಾರ್ಚ್ ಹಾಕಿ ನೋಡಿದರೆ ಎರಡೂವರೆ ವರ್ಷದ ಹಿಂದಿನ ಮಾಲು. “ಟೈರು ಏನ್ ಕೆಡೋ ಹಣ್ಣೇನ್ರಿ ಮೇಡಂ?” ಅಂದರು ಅವರು. ನಗುತ್ತಲೇ ಹೊರಗೆ ಬಂದ್ವಿ. ಬಿಸಿಲಿಗೆ ಜೋಡಿಸಿಟ್ಟಿದ್ದ ಟೈರು ಬೇರೆ.

ಎರಡನೇ ಅಂಗಡಿ ಹೊಸಪೇಟೆಯಲ್ಲಿ. ಅಲ್ಲಿ ಸಿಕ್ಕಿತು: ಅದೇ 185/65 ಆರ್ 15, 88 ಎಚ್, ಒದ್ದೆ ಹಿಡಿತದ ಸಾಲಿನದ್ದು, ಮೂರು ತಿಂಗಳ ಹಿಂದೆ ತಯಾರಾದದ್ದು. ಮಾಮೂಲಿಗಿಂತ ಟೈರಿಗೆ ಎಂಟುನೂರು ಜಾಸ್ತಿ. ತಮ್ಮನ ಅಲಾಯ್ ಲೆಕ್ಕಕ್ಕೆ ಹೋಲಿಸಿದರೆ ಏನೇನೂ ಅಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ ಕೇಳಿ ತಗೊಳ್ಳಿ. ಬಿಲ್ ಇಲ್ಲದೆ ವಾರಂಟಿಯೂ ಇಲ್ಲ.

ಇಲ್ಲಿ ಒಂದು ಸಣ್ಣ ಯುದ್ಧ ನಡೆಯಿತು. ನಮ್ಮ ನಾಲ್ಕರಲ್ಲಿ ಹಿಂದಿನ ಒಂದು ಟೈರು ಉಬ್ಬಿತ್ತು, ಮುಂದಿನ ಎರಡೂ ಸವೆದಿದ್ದವು. ಉಳಿದ ಒಂದು ಪರವಾಗಿಲ್ಲ ಅನ್ನುವ ಹಾಗಿತ್ತು. ಅಂಗಡಿಯ ಮೇಸ್ತ್ರಿ ಹೇಳಿದರು, “ಎರಡೇ ಹಾಕ್ರಿ ಸದ್ಯಕ್ಕ. ಹೊಸಾವು ಮುಂದಕ್ಕ, ಇದ್ದುದರಾಗ ಚಲೋದು ನೋಡಿ ಸ್ಟೆಪ್ನಿ ಸೇರ್ಸಿ ಹಿಂದಕ್ಕ. ಎಂಜಿನ್ ಎಳಿಯೋದು ಮುಂದಿನ ಗಾಲಿ ಅಲ್ರೀ?”

ಕೇಳಲು ಎಷ್ಟು ಸರಿ ಅನ್ನಿಸುತ್ತದೆ ನೋಡಿ! ಬಹಳಷ್ಟು ಕಡೆ ಹೀಗೇ ಮಾಡುತ್ತಾರೆ. ಎರಡೇ ಹಾಕಿಸುವುದಾದರೆ ಹೊಸದು ಹಿಂದಕ್ಕೆ ಹೋಗಬೇಕು ಅಂತ ಟೈರು ಕಂಪನಿಗಳೇ ಹೇಳುತ್ತವೆ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಕಾಲು ಎತ್ತಿದರೆ ವೇಗ ಇಳಿದು ಮತ್ತೆ ಹಿಡಿತ ಸಿಗುವ ಅವಕಾಶ ಇದೆ. ಹಿಂದಿನದು ಜಾರಿದರೆ ಕಾರು ಬುಗುರಿ ಹಾಗೆ ತಿರುಗುತ್ತದೆ. ಅದನ್ನು ಸರಿಪಡಿಸುವ ಕೈಚಳಕ ನಮ್ಮ ನಿಮ್ಮಂಥವರಿಗೆ ಇರುವುದಿಲ್ಲ. ಮಳೆಯಲ್ಲಿ ಸವೆದ ಟೈರು ಹಿಂದೆ ಇರುವುದಕ್ಕಿಂತ ಕೆಟ್ಟ ಜೋಡಣೆ ಇನ್ನೊಂದಿಲ್ಲ. ಹಿಂದಿನ ಸೀಟಿನಲ್ಲಿ ಕೂರುವುದು ನಮ್ಮ ಅಮ್ಮ. ಸಕ್ಕರೆ ಕಾಯಿಲೆಯ ತಪಾಸಣೆಗೆ ತಿಂಗಳಿಗೊಮ್ಮೆ ಹೊಸಪೇಟೆಗೆ ಕರ್ಕೊಂಡು ಹೋಗೋದು ಇದೇ ಕಾರಿನಲ್ಲಿ.

ಮೇಸ್ತ್ರಿಗೆ ತಮ್ಮನೇ ಇದನ್ನೆಲ್ಲ ವಿವರಿಸಿದ. ಅವರು ತಲೆ ಕೆರೆದುಕೊಂಡು, “ಇರಬಹುದ್ರಿ, ನಮಗ ಯಾರೂ ಹೇಳಿಲ್ಲ” ಅಂದರು. ಕೊನೆಗೆ ನಾವು ನಾಲ್ಕನ್ನೂ ಹಾಕಿಸಿದೆವು. ಉಳಿದಿದ್ದ ಒಂದು ಒಳ್ಳೆಯದು ಸ್ಟೆಪ್ನಿ ಆಯಿತು. ವಾಲ್ವ್ ಹೊಸದು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಸೇರಿಸಿ ಒಂದೂವರೆ ಗಂಟೆಯ ಕೆಲಸ.

ಟೈರು ಯಾವಾಗ ಬದಲಾಯಿಸಬೇಕು ಅಂತ ಕೇಳುವವರಿಗೆ: ಪಟ್ಟೆಗಳ ನಡುವಿನ ಕಾಲುವೆಯಲ್ಲಿ ಅಲ್ಲಲ್ಲಿ ಸಣ್ಣ ದಿಮ್ಮಿ ಇರುತ್ತವೆ, ಎತ್ತರ 1.6 ಮಿಲಿಮೀಟರ್. ಟೈರು ಅದರ ಮಟ್ಟಕ್ಕೆ ಸವೆದರೆ ಕಥೆ ಮುಗಿಯಿತು. ಹೊಸದರಲ್ಲಿ ಏಳೆಂಟು ಮಿಲಿಮೀಟರ್ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ದಿಮ್ಮಿ ಮುಟ್ಟುವವರೆಗೆ ಕಾಯುವುದು ಒಣ ಊರಿನವರ ಲೆಕ್ಕ. ಮೂರು ಮಿಲಿಮೀಟರ್‌ಗೆ ಬಂದಾಗಲೇ ಒದ್ದೆ ಹಿಡಿತ ಸಾಕಷ್ಟು ಇಳಿದಿರುತ್ತದೆ. ಮಳೆಗಾಲದ ಮುಂಚೆ ಮೂರರ ಹತ್ತಿರ ಇದ್ದರೆ ಬದಲಾಯಿಸಿಬಿಡಿ.

ಗಾಳಿಯ ಬಗ್ಗೆ ಒಂದೇ ಮಾತು. ‘ಬೇಸಿಗೆಯಲ್ಲಿ ಗಾಳಿ ಕಮ್ಮಿ ಇಡಿ, ಇಲ್ಲಾಂದ್ರೆ ಸಿಡಿಯುತ್ತೆ’ ಅನ್ನುವ ಸಲಹೆ ನಮ್ಮ ಕಡೆ ಎಲ್ಲ ಪಂಚರ್ ಅಂಗಡಿಯಲ್ಲೂ ಸಿಗುತ್ತದೆ. ಕೇಳಬೇಡಿ. ಗಾಳಿ ಕಮ್ಮಿ ಇದ್ದರೆ ಪಕ್ಕದ ಗೋಡೆ ಹೆಚ್ಚು ಬಳುಕುತ್ತದೆ, ಬಳುಕಿದಷ್ಟೂ ಕಾಯುತ್ತದೆ, ಸಿಡಿಯುವುದು ಅದರಿಂದಲೇ. ಚಾಲಕನ ಬಾಗಿಲು ತೆಗೆದರೆ ಅಲ್ಲೇ ಅಂಟಿಸಿರುವ ಚೀಟಿಯಲ್ಲಿ ಎಷ್ಟು ಅಂತ ಇದೆ, ತುಂಬ ಜನ ಕೂತಾಗ ಎಷ್ಟು ಅಂತಲೂ ಇರುತ್ತದೆ. ಬೆಳಿಗ್ಗೆ, ಕಾರು ಓಡುವ ಮುಂಚೆ ಚೆಕ್ ಮಾಡಿಸಿ. ನೈಟ್ರೋಜನ್ ಬೇಕೇ ಅಂದರೆ, ಪುಕ್ಕಟೆ ಕೊಟ್ಟರೆ ಹಾಕಿಸಿ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78 ಇದೆ.

ಹೊಸ ಟೈರು ಹಾಕಿಸಿದ ದಿನ ಸಂಜೆಯೇ ತಮ್ಮ ಬೆಂಗಳೂರಿಗೆ ಹೊರಟಿದ್ದ. ಸಂಡೂರು, ಕೂಡ್ಲಿಗಿ ಮೇಲೆ ಹೆದ್ದಾರಿ 50 ಹಿಡಿದು, ಚಿತ್ರದುರ್ಗದಲ್ಲಿ 48ಕ್ಕೆ ಸೇರಿದರೆ ಮುನ್ನೂರು ಕಿಲೋಮೀಟರ್ ಆಸುಪಾಸಿನ ದಾರಿ. ಹೊಸ ರಬ್ಬರಿನ ಮೇಲೆ ಅಚ್ಚಿನಿಂದ ಬಂದ ನುಣುಪು ಇರುತ್ತದೆ, ಅದು ಸವೆಯುವವರೆಗೆ ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಜೋರು ಬ್ರೇಕು, ಜೋರು ತಿರುವು ಬೇಡ ಅಂತ ಮೇಸ್ತ್ರಿಯೇ ಹೇಳಿದ್ದರು. ಬೆಂಗಳೂರು ಮುಟ್ಟೋ ತನಕ ಹಂಗೇ ಹೋಗಬೇಕಾ ಅಂತ ಗೊಣಗಿದ. ಹೌದು ಅಂದೆ.

ಹೊರಡುವ ಮುಂಚೆ ಅಂಗಡಿಯಲ್ಲಿ ಅವನು ಒಂದು ಕೆಲಸ ಮಾಡಿದ. ಹಳೆಯ ಮೂರು ಟೈರನ್ನು ಅಂಗಡಿಯವರು ಒಂದಿಷ್ಟು ದುಡ್ಡಿಗೆ ಇಟ್ಟುಕೊಳ್ಳುತ್ತೇವೆ ಅಂದರು. ಸವೆದ ಎರಡನ್ನು ಕೊಟ್ಟೆವು. ಉಬ್ಬಿದ್ದರಲ್ಲಿ ಪಟ್ಟೆ ಇನ್ನೂ ಚೆನ್ನಾಗಿತ್ತು, ಯಾರಾದರೂ ಗೊತ್ತಿಲ್ಲದೆ ತಗೊಂಡು ಹೋಗಿ ಹಾಕಿಕೊಳ್ಳುವಷ್ಟು. ತಮ್ಮ ಮೇಸ್ತ್ರಿ ಹತ್ತಿರ ಚಾಕು ಕೇಳಿ, ಆ ಉಬ್ಬಿನ ಮೇಲೆ ಉದ್ದಕ್ಕೆ ಸೀಳಿ, ಆಮೇಲೆ ಕೊಟ್ಟ. ಅದಕ್ಕೆ ನೂರೈವತ್ತು ರೂಪಾಯಿ ಕಮ್ಮಿ ಸಿಕ್ಕಿತು.